ಗಡಿ ದಾಟಿದ ಒಂದು ಕನ್ನಡ ಹಾಡು

ಒಂದು ನುಡಿಯ ಇತಿಹಾಸವನ್ನು ಬರೆಯಹೊರಟವರು ಶಾಸನಗಳನ್ನು, ಕಾವ್ಯಗಳನ್ನು, ವ್ಯಾಕರಣ ಗ್ರಂಥಗಳನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ಹಾಡುಗಳು ಆ ಸಾಕ್ಷಿಗಳ ಸಾಲಿನಲ್ಲಿ ಹಿಂದೆ ಉಳಿದುಬಿಡುತ್ತವೆ. ಆದರೆ ಗಡಿನಾಡಿನಲ್ಲಿ ಬಾಳುವ ನಮಗೆ ಹಾಡಿನ ಸಾಕ್ಷ್ಯ ಬಹಳ ಬೆಲೆಯುಳ್ಳದ್ದು. ಶಾಸನವು ನೆಟ್ಟಲ್ಲಿಯೇ ನಿಲ್ಲುತ್ತದೆ. ಆಡಳಿತದ ಗೆರೆ ಅದರ ಆಚೆಗೋ ಈಚೆಗೋ ಬೀಳುತ್ತದೆ. ಹಾಡಿಗೆ ಅಂಥ ಸ್ಥಾವರಸ್ಥಿತಿಯಿಲ್ಲ. ಅದು ಕೇಳಿದವರ ಕಂಠದಲ್ಲಿ ಕುಳಿತು, ಅವರು ಹೋದಲ್ಲಿಗೆಲ್ಲ ಹೋಗುತ್ತದೆ. ಹೀಗೆ ಹೊರಟು ಮದರಾಸಿನ ನೃತ್ಯವೇದಿಕೆ, ಕೇರಳದ ಕಚೇರಿ, ಮುಂಬಯಿಯ ಪಾಪ್ ಸಂಗೀತ ಎಲ್ಲವನ್ನೂ ಹೊಕ್ಕುಬಂದ ಒಂದು ಕನ್ನಡ ಹಾಡಿನ ಕಥೆಯನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ನನ್ನ ಉದ್ದೇಶ. ಆ ಹಾಡು ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’.

ತರ್ಕಶಾಸ್ತ್ರಜ್ಞನ ಮನೆಮಾತು

ವ್ಯಾಸತೀರ್ಥರೆಂದೂ ವ್ಯಾಸರಾಯರೆಂದೂ ಪ್ರಸಿದ್ಧರಾದ ಯತಿಗಳ ಕಾಲ 1460ರಿಂದ 1539. ಮೈಸೂರು ಸೀಮೆಯ ಬನ್ನೂರು ಅವರ ಹುಟ್ಟೂರು. ಚೆನ್ನಪಟ್ಟಣದ ಬಳಿಯ ಅಬ್ಬೂರಿನ ಬ್ರಹ್ಮಣ್ಯತೀರ್ಥರು ಅವರಿಗೆ ಆಶ್ರಮ ಕೊಟ್ಟ ಗುರುಗಳು. ಮುಳಬಾಗಿಲಿನ ಶ್ರೀಪಾದರಾಜರು ವಿದ್ಯಾಗುರುಗಳು. ಕನ್ನಡದಲ್ಲಿ ಕೀರ್ತನೆಗಳನ್ನು ರಚಿಸಿ ಹಾಡುವ ಪದ್ಧತಿಗೆ ಬಲ ತಂದವರು ಶ್ರೀಪಾದರಾಜರೇ. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಮುಳಬಾಗಿಲಿನಂಥ ಗಡಿ ಊರಿನಲ್ಲಿ ವ್ಯಾಸರಾಯರ ವಿದ್ಯಾಭ್ಯಾಸ ನಡೆಯಿತೆಂಬುದನ್ನು ನಾವು ವಿಶೇಷವಾಗಿ ನೆನೆಯಬೇಕು. ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನಿಂದ ಗುರುವೆಂದು ಗೌರವಿಸಿಕೊಂಡ ಅವರು ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕೆ ಎಂಬ ಮೂರು ಮಹಾಗ್ರಂಥಗಳನ್ನು ಸಂಸ್ಕೃತದಲ್ಲಿ ಬರೆದರು. ಪುರಂದರದಾಸರೂ ಕನಕದಾಸರೂ ಅವರ ಶಿಷ್ಯವರ್ಗಕ್ಕೆ ಸೇರಿದವರು. ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನಗಳಲ್ಲಿ ಅವರದೂ ಒಂದು.

ಆ ಮೂರು ಗ್ರಂಥಗಳನ್ನು ಇಂದು ಓದಬಲ್ಲವರು ಶಾಸ್ತ್ರಾಧ್ಯಯನ ಮಾಡಿದ ಕೆಲವೇ ಪಂಡಿತರು. ಅದೇ ಲೇಖನಿಯಿಂದ ಬಂದ ಒಂದು ಪುಟ್ಟ ಕನ್ನಡ ಪದವನ್ನಾದರೋ ಶಾಸ್ತ್ರದ ಗಂಧವೇ ಇಲ್ಲದ ಲಕ್ಷಾಂತರ ಜನ ಬಲ್ಲರು. ಹಾಡಿನ ವಸ್ತು ಬಹಳ ಸರಳವಾದುದು. ತಾಯಿಯೊಬ್ಬಳು ಮಗುವನ್ನು ಕರೆಯುತ್ತಾಳೆ. ಬೇಗ ಬಂದು ಮುಖ ತೋರು ಎನ್ನುತ್ತಾಳೆ. ಆಮೇಲೆ ಕಾಲಿನ ಗೆಜ್ಜೆ, ನಡುವಿನ ಗೆಜ್ಜೆ, ಬೆರಳಿನ ಉಂಗುರ, ಕೊರಳಿನ ಮಾಲೆ, ಕೈಯ ಕೊಳಲು, ಮೈಗೆ ಪೂಸಿದ ಗಂಧ ಎಂದು ಒಂದೊಂದಾಗಿ ಮಗುವಿನ ಅಂಗಾಂಗವನ್ನು ಕಣ್ತುಂಬ ನೋಡುತ್ತಾಳೆ. ಕೊನೆಯಲ್ಲಿ ಆ ಮಗು ಬಾಯಿ ತೆರೆದು ತಾಯಿಗೆ ಜಗತ್ತನ್ನೇ ತೋರಿದವನೆಂಬ ಭಾಗವತದ ನೆನಪು ಬರುತ್ತದೆ. ಕಾಲಿನಿಂದ ಮೇಲೇರುತ್ತ ಹೋದ ನೋಟವು ಬಾಯಿಯ ಬಳಿಗೆ ಬಂದಾಗ ಬ್ರಹ್ಮಾಂಡವನ್ನು ಕಾಣುತ್ತದೆ. ತರ್ಕತಾಂಡವವನ್ನು ಬರೆದವರು ಇಲ್ಲಿ ತರ್ಕದ ಒಂದು ಪಾರಿಭಾಷಿಕ ಶಬ್ದವನ್ನೂ ಬಳಸಿಲ್ಲ. ದೇವರನ್ನು ಏಕವಚನದಲ್ಲಿ ‘ಬಾರೋ’ ಎಂದು ಕರೆದಿದ್ದಾರೆ. ‘ದಯಮಾಡಿಸು’ ಎಂದಿದ್ದರೆ ಅದು ರಾಜಗುರುವಿನ ಮಾತಾಗುತ್ತಿತ್ತು. ‘ಬಾರೋ’ ಎಂದದ್ದರಿಂದ ಅದು ಜಗಲಿಯಲ್ಲಿ ನಿಂತ ತಾಯಿಯ ಮಾತಾಯಿತು.

ಮೂಲವೂ ಪಾಠಾಂತರವೂ

ಇಂದಿನ ಯುವಕರು ಒಬ್ಬರು ಹಾಡಿ ಪ್ರಸಿದ್ಧಗೊಳಿಸಿದ ಹಾಡನ್ನು ಇನ್ನೊಬ್ಬರು ಹಾಡಿದರೆ ಅದನ್ನು ‘ಕವರ್’ ಎನ್ನುತ್ತಾರೆ. ಧ್ವನಿಮುದ್ರಣದ ಯುಗದಲ್ಲಿ ಹುಟ್ಟಿದ ಮಾತು ಅದು. ಮೊದಲ ಮುದ್ರಿಕೆಯೇ ಮೂಲ, ಉಳಿದುದೆಲ್ಲ ಅದರ ಮೇಲಿನ ಹೊದಿಕೆ ಎಂಬ ಭಾವನೆ ಅದರ ಹಿಂದಿದೆ. ನಮ್ಮ ಸಂಗೀತ ಪರಂಪರೆಯಲ್ಲಿ ಇದಕ್ಕೆ ಹಳೆಯದೂ ಹೆಚ್ಚು ಅರ್ಥವತ್ತಾದುದೂ ಆದ ಒಂದು ಶಬ್ದವಿದೆ: ಪಾಠಾಂತರ. ಗುರುವಿನಿಂದ ಶಿಷ್ಯನಿಗೆ ಬಂದ ಪಾಠವು ಒಂದೊಂದು ಮನೆತನದಲ್ಲಿ ಒಂದೊಂದು ಬಗೆಯಾಗಿ ಉಳಿಯುತ್ತದೆ. ಯಾವುದೂ ಇನ್ನೊಂದರ ನಕಲಲ್ಲ. ವ್ಯಾಸರಾಯರು ಈ ಪದವನ್ನು ಯಾವ ಧಾಟಿಯಲ್ಲಿ ಹಾಡಿದರೆಂಬುದನ್ನು ತೋರಿಸುವ ಸ್ವರಲಿಪಿ ನಮ್ಮ ಕೈಸೇರಿಲ್ಲ. ದಾಸರ ಪದಗಳು ಭಜನೆಯವರ ಕಂಠದಲ್ಲಿ, ಹೆಂಗಸರ ಹಸೆಹಾಡಿನ ನೆನಪಿನಲ್ಲಿ, ತಾಳೆಗರಿಗಳಲ್ಲಿ ಉಳಿದುಬಂದವು.

ಮುದ್ರಣವು ಬಂದಾಗ ಈ ಪದಗಳನ್ನು ಪುಸ್ತಕವಾಗಿಸುವ ಕೆಲಸಕ್ಕೆ ನಮ್ಮ ಕರಾವಳಿಯೇ ಮೊದಲು ಕೈಹಾಕಿತೆಂಬುದು ಹೆಮ್ಮೆಯ ಸಂಗತಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ 1850ರಲ್ಲಿ ‘ದಾಸರ ಪದಗಳು’ ಎಂಬ ಸಂಗ್ರಹವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮುಂದೆ ಉಡುಪಿಯ ಪಾವಂಜೆ ಗುರುರಾಯರು ದಾಸಸಾಹಿತ್ಯವನ್ನು ಸಂಪುಟಗಳಾಗಿ ಪ್ರಕಟಿಸಿದರು. ಪುಸ್ತಕವು ಸಾಹಿತ್ಯವನ್ನು ಉಳಿಸಿತು. ಧಾಟಿಯನ್ನು ಉಳಿಸುವ ಹೊಣೆ ಕಂಠಗಳದೇ ಆಗಿತ್ತು.

ಇಂದು ಕಚೇರಿಗಳಲ್ಲಿ ಕೇಳಿಬರುವ ಧಾಟಿ ಯಮುನಾಕಲ್ಯಾಣಿ ರಾಗದ್ದು, ಮಿಶ್ರಛಾಪು ತಾಳದ್ದು. ಯಮುನಾಕಲ್ಯಾಣಿಯು ಉತ್ತರಾದಿಯ ಯಮನ್ ಕಲ್ಯಾಣಿನ ನೆರಳುಳ್ಳ ದೇಶ್ಯ ರಾಗ. ಮಿಶ್ರಛಾಪುವಿನಲ್ಲಿ ಮೂರು ಮತ್ತು ನಾಲ್ಕು ಸೇರಿ ಏಳು ಎಣಿಕೆ. ಮೂರರ ಬಳಿಕ ನಾಲ್ಕು ಬರುವುದರಿಂದ ನಡಿಗೆ ಸಮವಾಗದೆ ಒಂದಿಷ್ಟು ತೂಗುತ್ತದೆ. ತೊಡರುಗಾಲಿನ ಮಗುವಿನ ನಡಿಗೆಗೆ ಇದಕ್ಕಿಂತ ಹೊಂದುವ ತಾಳವಿರಲಾರದು. ಹೀಗೆ ದಕ್ಷಿಣದ ಸಾಹಿತ್ಯಕ್ಕೆ ಉತ್ತರದ ನೆರಳಿನ ರಾಗ ಸೇರಿದ ಕಾರಣ ಹಾಡು ಎರಡೂ ಕಡೆಯ ಕಿವಿಗೆ ಪರಿಚಿತವೆನಿಸಿತು.

ಮದರಾಸಿನ ವೇದಿಕೆಯಲ್ಲಿ

ಈ ಹಾಡಿಗೆ ಇಪ್ಪತ್ತನೆಯ ಶತಮಾನದಲ್ಲಿ ದೇಶವಿದೇಶಗಳ ಕೀರ್ತಿ ತಂದವರು ಒಬ್ಬ ತಮಿಳು ಕಲಾವಿದೆ, ಟಿ. ಬಾಲಸರಸ್ವತಿ. 1918ರಲ್ಲಿ ಮದರಾಸಿನಲ್ಲಿ ಜನಿಸಿದ ಅವರು ವೀಣೆ ಧನಮ್ಮಾಳರ ಮೊಮ್ಮಗಳು. ತಾಯಿ ಜಯಮ್ಮಾಳ್ ಗಾಯಕಿ. ಮಗಳ ನೃತ್ಯಕ್ಕೆ ತಾವೇ ಹಾಡುತ್ತಿದ್ದರು. ದೇವದಾಸಿ ಮನೆತನಗಳ ಕಲೆಯನ್ನು ಸಮಾಜವು ಕೀಳಾಗಿ ಕಾಣುತ್ತಿದ್ದ, 1947ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಆ ಪದ್ಧತಿಯನ್ನು ನಿಷೇಧಿಸುವ ಕಾನೂನೂ ಬಂದ ಕಾಲದಲ್ಲಿ, ಅವರು ತಮ್ಮ ಮನೆತನದ ಕಲೆಯನ್ನು ತಲೆಯೆತ್ತಿ ನಿಲ್ಲಿಸಿದರು. ಅವರ ನೃತ್ಯದಲ್ಲಿ ‘ಕೃಷ್ಣಾ ನೀ ಬೇಗನೆ ಬಾರೋ’ ಎಂಬ ಕನ್ನಡ ಪದವು ಒಂದು ಮುಡಿಪಾಗಿ ಉಳಿಯಿತು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿಕೊಂಡು, ಪ್ರತಿಸಲವೂ ಬೇರೆ ಭಾವ ತೋರುವುದು ಅವರ ಅಭಿನಯದ ರೀತಿ. ಒಮ್ಮೆ ಗದರಿಕೆ, ಒಮ್ಮೆ ಬೇಡಿಕೆ, ಒಮ್ಮೆ ಬೆಣ್ಣೆಯ ಆಮಿಷ, ಒಮ್ಮೆ ಹುಸಿಮುನಿಸು: ತಾಯಿಯೊಬ್ಬಳು ಮಗುವನ್ನು ಕರೆಯುವ ಬಗೆಗಳು ಎಷ್ಟಿವೆಯೋ ಅಷ್ಟೂ ಬಗೆಗೆ ಈ ಪಲ್ಲವಿಯಲ್ಲಿ ಎಡೆಯಿತ್ತು.

1961ರಲ್ಲಿ ಟೋಕಿಯೋ, 1962ರಲ್ಲಿ ಅಮೆರಿಕ, 1963ರಲ್ಲಿ ಎಡಿನ್‌ಬರೋ ಉತ್ಸವ ಹೀಗೆ ಬಾಲಸರಸ್ವತಿಯವರು ವಿದೇಶಗಳಲ್ಲಿ ನರ್ತಿಸಿದರು. 1973ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು; ಸಂಗೀತಗಾರರಿಗೆ ಮೀಸಲಾಗಿದ್ದ ಆ ಗೌರವ ನೃತ್ಯ ಕಲಾವಿದೆಯೊಬ್ಬರಿಗೆ ದೊರೆತದ್ದು ಅದೇ ಮೊದಲು. ಬಾಲ್ಯದಲ್ಲಿ ಕಲ್ಕತ್ತೆಯಲ್ಲಿ ಅವರ ನೃತ್ಯವನ್ನು ಕಂಡಿದ್ದ ಸತ್ಯಜಿತ್ ರಾಯ್ 1976ರಲ್ಲಿ ‘ಬಾಲಾ’ ಎಂಬ ಸಾಕ್ಷ್ಯಚಿತ್ರವನ್ನು ತೆಗೆದರು. ಅದರಲ್ಲಿ ಬಾಲಸರಸ್ವತಿಯವರು ಕಡಲ ದಡದಲ್ಲಿ, ಬೀಸುವ ಗಾಳಿಗೆ ಸೀರೆಯ ಸೆರಗು ಹಾರುತ್ತಿರುವಾಗ ಈ ಹಾಡಿಗೆ ಅಭಿನಯಿಸುತ್ತಾರೆ. ಆಗ ಅವರ ವಯಸ್ಸು ಅರುವತ್ತರ ಹತ್ತಿರ. ಒಬ್ಬ ಬಂಗಾಳಿ ನಿರ್ದೇಶಕನು ಒಬ್ಬ ತಮಿಳು ಕಲಾವಿದೆಯನ್ನು ಕುರಿತು ತೆಗೆದ ಚಿತ್ರದಲ್ಲಿ ಕನ್ನಡದ ಹಾಡೊಂದು ಹೀಗೆ ಶಾಶ್ವತವಾಯಿತು.

ಅದೇ ಮದರಾಸಿನಲ್ಲಿ ಎಂ.ಎಲ್. ವಸಂತಕುಮಾರಿಯವರು ತಾಯಿ ಲಲಿತಾಂಗಿಯವರಿಂದ ಬಂದ ದಾಸರ ಪದಗಳ ಸಂಪತ್ತನ್ನು ಸಭೆಗಳಲ್ಲಿ ಹಾಡುತ್ತ, ಕನ್ನಡದ ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನ ತಂದರು. ಬಿ.ಎಸ್. ರಾಜಯ್ಯಂಗಾರ್ ಅವರ ‘ಜಗದೋದ್ಧಾರನ’ ಗ್ರಾಮಫೋನ್ ತಟ್ಟೆ ಮನೆಮನೆಗೆ ಹೋಗಿತ್ತು. ಹಳೆಯ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಸಂಗೀತಕ್ಕಷ್ಟೇ ಎಡೆ. ರಾಗಾಲಾಪನೆ, ನೆರವಲುಗಳಿಗೆ ಆ ಅವಧಿ ಸಾಲದು. ಪುಟ್ಟ ದೇವರನಾಮಕ್ಕೆ ಸರಿಯಾಗಿ ಸಾಕು. ದಾಸರ ಪದಗಳು ತಟ್ಟೆಯ ಕಾಲದಲ್ಲಿ ಬೇಗನೆ ಹರಡಲು ಈ ಅಳತೆಯೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಮಲಯಾಳದ ಕಂಠದಲ್ಲಿ

ಕಾಸರಗೋಡಿನವರಾದ ನಮಗೆ ಈ ಹಾಡು ಎರಡು ದಿಕ್ಕುಗಳಿಂದ ಬಂದಿತು. ಬಡಗಿನಿಂದ, ಉಡುಪಿ ಮಂಗಳೂರುಗಳ ಭಜನೆ ಮತ್ತು ಆಕಾಶವಾಣಿಯ ಮೂಲಕ ಬಂದುದು ಒಂದು. ತೆಂಕಿನಿಂದ, ಕೆ.ಜೆ. ಯೇಸುದಾಸರ ಕಂಠದಲ್ಲಿ ಬಂದುದು ಇನ್ನೊಂದು. ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರಾದ ಯೇಸುದಾಸರು ಕಚೇರಿಗಳಲ್ಲಿ ಇದನ್ನು ಹಾಡುತ್ತ ಬಂದುದರಿಂದ ಕೇರಳದ ಮೂಲೆ ಮೂಲೆಯಲ್ಲಿಯೂ ಇದು ಮನೆಮಾತಾಗಿದೆ. ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ ಈ ಗಾಯಕರು ತಮ್ಮ ಹುಟ್ಟುಹಬ್ಬದ ದಿನವಾದ ಜನವರಿ 10ರಂದು ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಾಡುವ ಪರಿಪಾಠವನ್ನು ಇಟ್ಟುಕೊಂಡವರು. ಗಡಿಗಳನ್ನು ಎಣಿಸದಿರುವುದು ಅವರಿಗೆ ಹೊಸತಲ್ಲ.

ನೆರೆಯವರಿಗೆ ಈ ಹಾಡು ಇಷ್ಟು ಸಲೀಸಾಗಿ ಒಗ್ಗಿದ್ದೇಕೆ? ಮೊದಲನೆಯ ಕಾರಣ, ಬಾಲಕೃಷ್ಣನನ್ನು ತಾಯಿಯ ಕಣ್ಣಿನಿಂದ ನೋಡುವ ಪರಂಪರೆ ಅವರಲ್ಲಿಯೂ ಇತ್ತು. ತಮಿಳಿನಲ್ಲಿ ಪೆರಿಯಾಳ್ವಾರರು ಯಶೋದೆಯಾಗಿ ಹಾಡಿದ್ದರು. ಮಲಯಾಳದಲ್ಲಿ ಚೆರುಶ್ಶೇರಿಯು ಕೋಲತ್ತಿರಿ ಅರಸರ ಆಶ್ರಯದಲ್ಲಿ ‘ಕೃಷ್ಣಗಾಥೆ’ಯನ್ನು ರಚಿಸಿದ್ದನು. ಎರಡನೆಯದು ನುಡಿಯ ಕಾರಣ. ಹಾಡಿನ ಮೊದಲ ಸಾಲನ್ನೇ ನೋಡೋಣ. ‘ನೀ’ ಎಂಬುದು ಕನ್ನಡ, ತಮಿಳು, ಮಲಯಾಳಗಳಿಗೆ ಸಮಾನ. ‘ಬೇಗ’ ಎಂಬುದು ಸಂಸ್ಕೃತ ‘ವೇಗ’ದ ತದ್ಭವ; ನೆರೆಯವರು ‘ವೇಗಂ’ ಎನ್ನುತ್ತಾರೆ. ‘ಬಾ’ ಎಂಬುದು ಅವರ ‘ವಾ’. ಪದದ ಮೊದಲಿನ ವಕಾರವು ಕನ್ನಡದಲ್ಲಿ ಬಕಾರವಾಗುವ ಈ ನಿಯಮವನ್ನು ತಿಳಿದರೆ ಮುಂದಿನ ಪದಗಳೂ ತೆರೆದುಕೊಳ್ಳುತ್ತವೆ: ಅವರ ‘ವಿರಲ್’ ನಮ್ಮ ಬೆರಳು, ಅವರ ‘ವಾಯ್’ ನಮ್ಮ ಬಾಯಿ. ಕೈ, ಕಾಲುಗಳಂತೂ ಇದ್ದ ಹಾಗೆಯೇ ಇವೆ, ‘ಕುೞಲ್’ ಕೊಳಲಾಗಿದೆ. ತೆಲುಗಿನವರಿಗೆ ‘ಗಜ್ಜೆ’, ‘ಉಂಗರಂ’ಗಳಿಂದ ನಮ್ಮ ಗೆಜ್ಜೆ ಉಂಗುರಗಳು ತಿಳಿಯುತ್ತವೆ. ವ್ಯಾಸರಾಯರು ಪಾಂಡಿತ್ಯದ ಮಾತು ಬಿಟ್ಟು ಮನೆಯ ಮಾತನ್ನು, ಮೈಯ ಅಂಗಗಳ ಹೆಸರನ್ನು ಆರಿಸಿಕೊಂಡರಷ್ಟೆ. ಅಂಥ ಮಾತುಗಳೇ ದ್ರಾವಿಡ ಭಾಷೆಗಳಲ್ಲಿ ಹೆಚ್ಚು ಸಮಾನವಾಗಿ ಉಳಿದಿರುವಂಥವು. ಆದುದರಿಂದ ಅತ್ಯಂತ ಮನೆಯದಾದ ಹಾಡೇ ಅತ್ಯಂತ ದೂರ ಹೋಯಿತು.

ಅಧ್ಯಾಪಕನಾಗಿದ್ದ ಕಾಲದ ಒಂದು ಅನುಭವವನ್ನು ಇಲ್ಲಿ ಹೇಳಬೇಕು. ಶಾಲಾ ಕಲೋತ್ಸವಕ್ಕೆ ಸಿದ್ಧತೆ ನಡೆಯುತ್ತಿದ್ದಾಗ ಮಲಯಾಳ ಮಾಧ್ಯಮದ ಒಬ್ಬ ಹುಡುಗಿ ಈ ಹಾಡನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ನನ್ನ ಬಳಿಗೆ ಬಂದಳು. ಪುಟದ ಅಂಚಿನಲ್ಲಿ ಒಂದೊಂದು ಪದಕ್ಕೂ ಅರ್ಥ ಬರೆಯಲು ಜಾಗ ಬಿಟ್ಟಿದ್ದಳು. “ಮಾಷೇ, ಉಡಿ ಎಂದರೇನು?” ಎಂದು ಕೇಳಿದಳು. ನಾನು ಅದೇ ಪ್ರಶ್ನೆಯನ್ನು ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಮುಂದಿಟ್ಟೆ. ಹಾಡು ಎಲ್ಲರಿಗೂ ಬರುತ್ತಿತ್ತು. ಅರ್ಥವನ್ನು ಹೇಳಿದವರು ಒಬ್ಬರೂ ಇಲ್ಲ. ಉಡಿದಾರ ಎಂಬುದನ್ನು ನೆನಪಿಸಿದ ಮೇಲೆ ಒಬ್ಬನು ಸೊಂಟವನ್ನು ಮುಟ್ಟಿ ತೋರಿಸಿದನು. ಪರಭಾಷೆಯವಳಿಗೆ ಹಾಡು ಅಪರಿಚಿತವಾದುದರಿಂದ ಕೇಳಿ ತಿಳಿಯಬೇಕೆನಿಸಿತು. ನಮ್ಮ ಮಕ್ಕಳಿಗೆ ಅದು ತಮ್ಮದೇ ಆದುದರಿಂದ ಕೇಳಬೇಕೆಂದೇ ತೋರಲಿಲ್ಲ. ಸ್ವಂತದ್ದೆಂಬ ನೆಮ್ಮದಿಯೇ ಎಷ್ಟೋ ಸಲ ಮರೆವಿಗೆ ದಾರಿಯಾಗುತ್ತದೆ.

ಪಾಪ್ ಸಂಗೀತದ ಹೊಸ ವೇಷ

ಎಂಬತ್ತರ ದಶಕಕ್ಕಾಗುವಾಗ ಹಾಡಿನ ಮೊದಲ ಸಾಲು ಗಾದೆಯಂತೆ ಬಳಕೆಯಾಗತೊಡಗಿತ್ತು. 1986ರಲ್ಲಿ ವಿಷ್ಣುವರ್ಧನ್ ಅಭಿನಯದ ಕನ್ನಡ ಚಲನಚಿತ್ರವೊಂದಕ್ಕೆ ಇದೇ ಸಾಲು ಹೆಸರಾಯಿತು. ಇದಾದ ಹತ್ತು ವರ್ಷಗಳಲ್ಲಿ, 1996ರಲ್ಲಿ, ಹಾಡು ತನ್ನ ಅತ್ಯಂತ ಅನಿರೀಕ್ಷಿತವಾದ ವೇಷವನ್ನು ತೊಟ್ಟಿತು. ಗಜಲ್ ಗಾಯಕರಾಗಿ ಹೆಸರಾಗಿದ್ದ ಹರಿಹರನ್ ಮತ್ತು ಗಿಟಾರ್ ವಾದಕರೂ ಸಂಗೀತ ಸಂಯೋಜಕರೂ ಆದ ಲೆಸ್ಲಿ ಲೂಯಿಸ್ ಸೇರಿ ‘ಕಲೋನಿಯಲ್ ಕಸಿನ್ಸ್’ ಎಂಬ ಜೋಡಿಯಾಗಿ ಅದೇ ಹೆಸರಿನ ಆಲ್ಬಮ್ ಹೊರತಂದರು. ಅದರ ‘ಕೃಷ್ಣ’ ಎಂಬ ಹಾಡಿನಲ್ಲಿ ವ್ಯಾಸರಾಯರ ಪಲ್ಲವಿ ಗಿಟಾರಿನ ಜೊತೆಯಲ್ಲಿ, ಇಂಗ್ಲಿಷ್ ಸಾಲುಗಳ ನಡುವೆ ಬರುತ್ತದೆ.

ಕಾಲವನ್ನು ಗಮನಿಸಬೇಕು. 1991ರ ಆರ್ಥಿಕ ಉದಾರೀಕರಣದ ಹಿಂದೆಯೇ ಉಪಗ್ರಹ ದೂರದರ್ಶನ ವಾಹಿನಿಗಳು ಬಂದಿದ್ದವು. ಸಿನೆಮಾದ ಹೊರಗೆ ಹಾಡಿಗೊಂದು ಮಾರುಕಟ್ಟೆ ಹುಟ್ಟಿತ್ತು. 1995ರ ಅಲೀಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ಅದರ ಪ್ರಸಿದ್ಧ ಉದಾಹರಣೆ. ಈ ಅಲೆಯಲ್ಲಿ ಬಂದ ಹೆಚ್ಚಿನ ಹಾಡುಗಳು ಹಿಂದಿ ಇಲ್ಲವೆ ಪಂಜಾಬಿಯವು. ಅವುಗಳ ನಡುವೆ ಹದಿನಾರನೆಯ ಶತಮಾನದ ಕನ್ನಡ ಪದವೊಂದು ದೇಶದಾದ್ಯಂತ ತರುಣರ ಬಾಯಲ್ಲಿ ನಲಿಯಿತೆಂಬುದು ಸಾಮಾನ್ಯ ಸಂಗತಿಯಲ್ಲ. ದೆಹಲಿ, ಮುಂಬಯಿಗಳಲ್ಲಿ ಅದನ್ನು ಗುನುಗಿದ ಎಷ್ಟೋ ಮಂದಿಗೆ ಅದು ಕನ್ನಡವೆಂಬುದು ತಿಳಿದಿರಲಿಲ್ಲ; ದಕ್ಷಿಣದ ಯಾವುದೋ ಭಾಷೆ ಎಂದು ಸುಮ್ಮನಾದರು.

ಅರ್ಥದಲ್ಲಾದ ಬದಲಾವಣೆಯೂ ಗಮನಾರ್ಹ. ಈ ಹೊಸ ಪಾಠದಲ್ಲಿ ಯಶೋದೆ ಮರೆಯಾಗಿದ್ದಾಳೆ. ಗೆಜ್ಜೆ ಉಂಗುರಗಳ ಮೇಲೆ ನಿಲ್ಲುವ ನೋಟವಿಲ್ಲ. ನೊಂದ ಜಗತ್ತಿಗಾಗಿ ಯಾವ ಹೆಸರಿನ, ಯಾವ ಧರ್ಮದ ದೇವರಾದರೂ ಮರಳಿ ಬರಲಿ ಎಂಬ ಪ್ರಾರ್ಥನೆಯಿದೆ. 1992–93ರ ಗಲಭೆಗಳನ್ನು ಕಂಡ ಮುಂಬಯಿಯ ಇಬ್ಬರು ಕಲಾವಿದರು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತ, ಒಟ್ಟಿಗೆ ನಿಂತು ‘ಬೇಗನೆ ಬಾರೋ’ ಎಂದಾಗ ‘ಬೇಗ’ ಎಂಬ ಪದಕ್ಕೆ ಹಿಂದೆ ಇಲ್ಲದ ಆತುರ ಬಂದಿತು. ಆಗ ನಮ್ಮ ಕಡೆಯ ಹಿರಿಯರಲ್ಲಿ ಕೆಲವರು ಇದು ಅಪಚಾರವೆಂದು ಬೇಸರಿಸಿದ್ದುಂಟು. ಬೇಸರಕ್ಕೆ ಕಾರಣವಿಲ್ಲವೆನ್ನಲಾರೆ. ಚರಣಗಳು ಹೋದರೆ ಹಾಡಿನ ಮೈಯೇ ಹೋದಂತೆ. ಬಾಯೊಳಗೆ ಜಗವನ್ನು ತೋರಿದ ಘಟ್ಟಕ್ಕೆ ಬರದ ಹಾಡು ಮೆಟ್ಟಿಲ ಬುಡದಲ್ಲಿಯೇ ನಿಂತಂತೆ. ಆದರೂ ಒಂದು ಮಾತನ್ನು ಮರೆಯಬಾರದು. ಭಜನೆಯು ಚರಣಗಳನ್ನು ಉಳಿಸಿತು, ನೃತ್ಯವು ಒಂದೊಂದು ಸಾಲನ್ನು ಹಿಗ್ಗಿಸಿತು, ಕಚೇರಿಯು ರಾಗವನ್ನು ಬೆಳೆಸಿತು, ಪಾಪ್ ಗೀತೆಯು ಕರೆಯನ್ನಷ್ಟೇ ಎತ್ತಿಕೊಂಡಿತು. ಪ್ರತಿಯೊಂದೂ ತನ್ನ ಮಾಧ್ಯಮಕ್ಕೆ ಬೇಕಾದುದನ್ನು ಆರಿಸಿಕೊಂಡು ಉಳಿದುದನ್ನು ಬಿಟ್ಟಿದೆ. ಬಿಟ್ಟುದನ್ನು ಕಾಪಾಡುವ ಇನ್ನೊಂದು ಪಾಠಾಂತರ ಬದುಕಿರುವ ತನಕ ಇದರಿಂದ ಹಾನಿಯಿಲ್ಲ. ಅದು ಬದುಕಿರುವುದೆಲ್ಲಿ ಎಂಬುದೇ ಮುಖ್ಯ ಪ್ರಶ್ನೆ.

‘ನಮ್ಮ’ ಎಂಬ ಮಾತು

ಹಾಡಿನ ಕೊನೆಯಲ್ಲಿ ಅಂಕಿತದ ಹಿಂದೆ ಬರುವ ‘ನಮ್ಮ’ ಎಂಬ ಪದದ ಮೇಲೆ ನನ್ನ ಮನಸ್ಸು ಬಹುಕಾಲದಿಂದ ನಿಂತಿದೆ. ಉಡುಪಿಯ ಕೃಷ್ಣನನ್ನು ವ್ಯಾಸರಾಯರು ‘ನಮ್ಮ’ವನೆಂದರು. ಅವರು ಉಡುಪಿಯಲ್ಲಿ ಹುಟ್ಟಿದವರಲ್ಲ. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಅಧಿಪತಿಯೂ ಅಲ್ಲ. ಬನ್ನೂರು, ಮುಳಬಾಗಿಲು, ತಿರುಪತಿ, ವಿಜಯನಗರ ಎಂದು ಅವರ ಬಾಳು ಬಹುಪಾಲು ಘಟ್ಟದ ಮೇಲೆ ಕಳೆಯಿತು. ದೂರದಲ್ಲಿ ನಿಂತವರೇ ‘ನಮ್ಮ’ ಎಂದು ಒತ್ತಿ ಹೇಳುವುದು ಹೆಚ್ಚು. 1956ರ ನವೆಂಬರ್ 1ರಂದು ನಾಡಿನ ಗೆರೆಯ ಹೊರಗೆ ಉಳಿದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲಸರಸ್ವತಿ, ಯೇಸುದಾಸ್, ಹರಿಹರನ್ ಯಾರು ಹಾಡನ್ನು ಎತ್ತಿಕೊಂಡರೂ ‘ನಮ್ಮ’ ಎಂಬ ಬಳಗ ದೊಡ್ಡದಾಗುತ್ತದೆ. ನಮ್ಮ ಪಾಲೇನೂ ಕಡಿಮೆಯಾಗದು. ಹೊಲ ಹಂಚಿದರೆ ಕಿರಿದಾಗುತ್ತದೆ. ಹಾಡಿಗೆ ಆ ಲೆಕ್ಕವಿಲ್ಲ.

ಆದರೆ ಹಾಡು ಬದುಕುವುದು ಬೇರೆ, ಹಾಡಿನ ನುಡಿ ಬದುಕುವುದು ಬೇರೆ. ಹಾಡಿಗೆ ನಮ್ಮ ಆಸರೆ ಇನ್ನು ಬೇಕಾಗಿಲ್ಲ. ಅದನ್ನು ಸಾಕುವವರು ಚೆನ್ನೈಯಲ್ಲಿಯೂ ಕೊಚ್ಚಿಯಲ್ಲಿಯೂ ಮುಂಬಯಿಯಲ್ಲಿಯೂ ಇದ್ದಾರೆ. ಅಂದಿಗೆ, ಉಡಿ, ಪೂಸು, ಕೊರಳು ಎಂಬ ಪದಗಳಿಗೆ ಆಸರೆಯಾಗಬೇಕಾದವರು ನಾವು. ಅವು ಬಾಳುವುದು ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುವಾಗ, ಗೆಜ್ಜೆ ಕಟ್ಟುವಾಗ, ಊಟಕ್ಕೆ ಕರೆಯುವಾಗ ಆಡುವ ಕನ್ನಡದಲ್ಲಿ. ಸರಕಾರದ ಆದೇಶಗಳು, ಶಾಲೆಯ ಮಾಧ್ಯಮ, ಅಧ್ಯಾಪಕರ ನೇಮಕ ಇವುಗಳಿಗಾಗಿ ನಮ್ಮ ಸಂಘಗಳು ಹೋರಾಡಿವೆ, ಇನ್ನೂ ಹೋರಾಡಬೇಕು. ಆದರೆ ಮಗುವನ್ನು ಯಾವ ನುಡಿಯಲ್ಲಿ ಕರೆಯಬೇಕೆಂಬುದನ್ನು ಯಾವ ಸರಕಾರವೂ ನಮಗೆ ವಿಧಿಸುವುದಿಲ್ಲ.

ಆದ್ದರಿಂದ ಸಂಘದ ಬಂಧುಗಳಲ್ಲಿ ನನ್ನದೊಂದು ಸಣ್ಣ ಬಿನ್ನಹ. ನಮ್ಮ ಸಮಾರಂಭಗಳಲ್ಲಿ ಪ್ರಾರ್ಥನೆ ಹಾಡುವ ಮಗು ಹಾಡಿದ ಮೇಲೆ, ಎರಡು ನಿಮಿಷ ಆ ಹಾಡಿನ ಅರ್ಥವನ್ನೂ ತನ್ನ ಮಾತಿನಲ್ಲಿ ಹೇಳಲಿ. ಹಾಡನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡು ಕಲಿಯಲಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಧಾಟಿಯನ್ನೊಮ್ಮೆ ಮೊಬೈಲಿನಲ್ಲಿ ಹಿಡಿದಿಡಲಿ. ಯಾವ ಕಚೇರಿಯಲ್ಲಿಯೂ ಕೇಳಸಿಗದ ಒಂದು ಪಾಠಾಂತರ ಅಲ್ಲಿ ಉಳಿದಿರಬಹುದು. ಇಷ್ಟಕ್ಕೆ ಹಣ ಬೇಡ, ಆದೇಶ ಬೇಡ. ಐನೂರು ವರ್ಷ ನಡೆದುಬಂದ ಈ ಹಾಡು ಮುಂದಿನ ಮಗುವಿನ ನಾಲಗೆಗೆ ಅರ್ಥಸಹಿತವಾಗಿ ಸೇರಿದರೆ, ಗಡಿಯಲ್ಲಿ ನಿಂತು ಕನ್ನಡವನ್ನು ಕಾದ ಹಿರಿಯರ ಋಣದಲ್ಲಿ ಒಂದಂಶವನ್ನಾದರೂ ನಾವು ತೀರಿಸಿದಂತಾಗುತ್ತದೆ.